ಮೊದಲ ಎಪಿಸೋಡಿನಲ್ಲಿ ಏಟು ತಿಂದವನು

ನಮ್ಮ ರಾಮಕ್ಕ ಅತ್ತೆ ಟಿವಿಯಲ್ಲಿ ಹೀರೋನ ಮುಖ ನೋಡಿದವಳೇ ಅಲ್ಲ. ಪೊಲೀಸ್ ಸೀರಿಯಲ್ ಶುರುವಾದರೆ, ಚಿನ್ನಮನೂರು ಸಂತೆಗೆ ಹೋಗಬೇಕಾದ ವೀಳ್ಯದೆಲೆಯನ್ನು ಕಟ್ಟು ಕಟ್ಟುತ್ತ, ಕಣ್ಣನ್ನು ಮಾತ್ರ ಏಟು ತಿನ್ನುವವನ ಮೇಲೆ ಇಟ್ಟಿರುತ್ತಿದ್ದಳು. ಅಪ್ಪನ ಅಕ್ಕ ಅವಳು. ಬೈಯಲು ಬಾಯಿ ತೆರೆದರೆ ನಮ್ಮೂರು ಮಾರ್ಕಯನ್‌ಕೋಟ್ಟೈಯ ಅರ್ಧ ನಾಯಿಗಳು ಊರು ಬಿಡುತ್ತಿದ್ದವು. ಉಳಿದರ್ಧ ಅವಳವೇ.

ಅವಳ ಟಿವಿಗೆ ನನ್ನ ಫೋನ್ ಜೋಡಿಸಿ ದೇಶವಿದೇಶದ ಪೊಲೀಸರನ್ನು ಕರೆತಂದವನು ನಾನು. ಭಾಷಾಂತರವೂ ನನ್ನದೇ. ಇಂಗ್ಲಿಷ್ ಅರ್ಥವಾಗದ ಕಡೆ ನಾನೇ ಡೈಲಾಗ್ ಕಟ್ಟಿದೆ. ನಮ್ಮ ಮನೆಮಾತು ಕನ್ನಡ, ಊರಿನ ಮಾತು ತಮಿಳು; ಕನ್ನಡ ಸಿಗದ ಕಡೆ ತಮಿಳು ತುರುಕಿದೆ. ಹಿಮದ ದೇಶದ ಇನ್ಸ್‌ಪೆಕ್ಟರೊಬ್ಬ ನನ್ನ ದಯೆಯಿಂದ ಬಾಳೆ ಬೆಳೆಯ ಬಗ್ಗೆ ಕೂಡ ಮಾತಾಡಿದ.

ನಾಲ್ಕು ಸೀರಿಯಲ್ ಮುಗಿಯುವಷ್ಟರಲ್ಲಿ ಅತ್ತೆ ತೀರ್ಪು ಕೊಟ್ಟಳು.

"ಎಲ್ಲಾ ಒಬ್ನೇ ಕಣ್ಡಾ. ಗಡ್ಡ ಹೆರ್ಯಲ್ಲ, ಹೆಂಡ್ತಿ ತವರ್ಗೆ ಹೋಗವ್ಳೆ, ಮಗ್ಳು ಮಾತಾಡಲ್ಲ. ಮೊದ್ಲು ಯಾವನೋ ಪಾಪದೋನು ಸಿಕ್ತಾನೆ, ಅವನ್ನ ಹೊಡೀತಾನೆ. ಅಪ್ಪುರ, ಎಲ್ಲಾ ಆದ್ಮೇಲೆ, ಅವ್ನು ಕಳ್ಳ ಅಲ್ಲ ಅಂತ ಗೊತ್ತಾಯ್ತದೆ. ಕಡೇಲಿ ಇವ್ನು ಮಳೇಲಿ ನಿಂತು ಅಳ್ತಾನೆ. ನೀನು ಅಯ್ಯೋ ಅಂತೀಯ."

"ಅತ್ತೆ, ಅವರೊಳಗೆ ಒಳ್ಳೇದು ಕೆಟ್ಟದು ಎರಡೂ ಇರ್ತದೆ. ಅದೇ ಆರ್ಟು," ಅಂದೆ, ಪ್ಲಸ್ ಟೂ ಓದುವವನ ಗತ್ತಿನಲ್ಲಿ.

"ಇರ್ಲಿ. ಆ ಏಟು ತಿಂದೋನು ಮನೆಗೆ ಹೋದ್ನಾ? ಅದ್ ತೋರ್ಸು."

ಹತ್ತು ಎಪಿಸೋಡ್ ಮುಂದೆ ಓಡಿಸಿದೆ. ಅವನು ಎಲ್ಲೂ ಇರಲಿಲ್ಲ.

ಕಳೆದ ವರ್ಷ ಅತ್ತೆಯ ತೋಟದ ಪಂಪಿನ ಮೋಟಾರ್ ಕಳುವಾಯಿತು. ದೂರು ಕೊಟ್ಟಳು, ಯಾರ ಹೆಸರನ್ನೂ ಹೇಳಲಿಲ್ಲ. ಪೊಲೀಸರು ತಾವಾಗಿಯೇ ತೆಂಗಿನ ಮರ ಹತ್ತುವ ಸೆಲ್ವಂ ಅಣ್ಣನನ್ನು ಎತ್ತಿಕೊಂಡು ಹೋದರು. ಸುದ್ದಿ ಕೇಳಿದ್ದೇ ಅತ್ತೆ ಎಲೆ ಕೊಡವಿ ಎದ್ದಳು. "ಇಂಗ್ಲಿಷ್ ಬರ್ತದಲ್ಲ ನಿಂಗೆ, ಬಾಡಾ," ಅಂತ ನನ್ನನ್ನೂ ಎಳೆದಳು.

ಸ್ಟೇಷನ್ನಿನ ಇನ್ಸ್‌ಪೆಕ್ಟರ್ ಥೇಟ್ ಟಿವಿಯವನೇ: ಕುರುಚಲು ಗಡ್ಡ, ನಿದ್ದೆಗೆಟ್ಟ ಕಣ್ಣು, ಆರಿದ ಟೀ. ನಾನು ಮನಸ್ಸಿನಲ್ಲೇ ಮ್ಯೂಸಿಕ್ ಕೂಡ ಹಾಕಿದೆ. ಆಚೆ ಸೆಲ್ವಂ ಅಣ್ಣ ಕೆನ್ನೆ ಹಿಡಿದು ಗೋಡೆಗೊರಗಿ ಕೂತಿದ್ದು ಕಂಡಿತು. ಮ್ಯೂಸಿಕ್ ನಿಂತಿತು.

ಅವನ ಮೇಲೆ ತನಗೆ ಅನುಮಾನವಿಲ್ಲ, ಬಿಟ್ಟುಬಿಡಿ ಅಂತ ಅತ್ತೆ ತಮಿಳಿನಲ್ಲಿ ವಿನಯವಾಗಿ ಕೇಳಿದಳು. "ನೋಡ್ತೀವಿ, ಹೋಗಿ," ಅಂದ ಅವನೂ ತಮಿಳಿನಲ್ಲಿ. ಆಗ ಅತ್ತೆ, ಹೊರಗಿನವರ ಮುಂದೆ ನಮ್ಮವರೆಲ್ಲ ಮಾಡುವಂತೆ, ನನ್ನ ಕಡೆ ತಿರುಗಿ ಮನೆಮಾತಿಗೆ ಇಳಿದಳು.

"ನೋಡ್ಡಾ ಇವನ್ ಮೂತೀನ. ಕಳ್ಳನ್ನ ಹಿಡಿಯಕ್ಕೆ ಕೈಲಾಗ್ದೆ ಸಿಕ್ಕೋನ್ನ ಹೊಡ್ದವ್ನೆ. ಎಮ್ಮೆಗೆ ಖಾಕಿ ಹೊಲ್ಸಿದ್ರೂ ಇವ್ನಿಗಿಂತ ಬುದ್ಧಿ ಇರ್ತಿತ್ತು."

ಇನ್ಸ್‌ಪೆಕ್ಟರ್ ಫೈಲು ಮುಚ್ಚಿದ. "ಅತ್ತೆ," ಅಂದ, ಅಚ್ಚ ನಮ್ಮ ಕನ್ನಡದಲ್ಲಿ, "ನಾನು ವೇದಸಂದೂರೋನು. ನಮ್ ಮನೇಲೂ ಇದೇ ಮಾತು."

ನನ್ನ ಪ್ರಾಣ ಚಪ್ಪಲಿ ಹುಡುಕತೊಡಗಿತು.

"ನೀವು ನಮ್ಮೋರು," ಅಂದ ಅವನು, ದನಿ ಮೆತ್ತಗೆ ಮಾಡಿ. "ಮೋಟಾರ್ ನಾನು ತಂದ್ಕೊಡ್ತೀನಿ. ಅವ್ನು ಯಾವನೋ, ನಿಮ್ಗ್ಯಾಕೆ?"

ಅತ್ತೆ ಬೆಂಚಿನ ಮೇಲೆ ಕಾಲು ಮಡಚಿ ಕೂತಳು. "ನಮ್ಮೋನಾ? ಒಳ್ಳೇದಾಯ್ತು. ಇನ್ನು ಗಟ್ಟಿಯಾಗೇ ಬೈತೀನಿ ತಮ್ಮಾ, ಒಂದೊಂದು ಮಾತೂ ಅರ್ಥ ಆಯ್ತದಲ್ಲ. ಅವ್ನು ಎದ್ದು ಬರೋಗಂಟ ನಾನು ಏಳಲ್ಲ."

ಬೈದಳು. ಎರಡು ಗಂಟೆ. ನಮ್ಮ ಭಾಷೆ ಇಷ್ಟು ಶ್ರೀಮಂತ ಅಂತ ನನಗೆ ಗೊತ್ತಾದದ್ದೇ ಅವತ್ತು. ಏನು ಹೇಳ್ತಾರೆ ಅಂತ ಕಾನ್ಸ್‌ಟೇಬಲ್ ಕೇಳಿದ್ದಕ್ಕೆ ಇನ್ಸ್‌ಪೆಕ್ಟರ್, "ಆಶೀರ್ವಾದ," ಅಂದ. ಕೊನೆಗೆ ಸೆಲ್ವಂ ಅಣ್ಣ ನಮ್ಮ ಜೊತೆ ಆಟೋ ಹತ್ತಿದ. ಮೋಟಾರ್ ಇವತ್ತಿಗೂ ಸಿಕ್ಕಿಲ್ಲ.

ಈ ಪೊಂಗಲ್ ಆದ ವಾರಕ್ಕೆ ಅತ್ತೆ ತೀರಿಕೊಂಡಳು. ಇನ್ಸ್‌ಪೆಕ್ಟರ್ ಬಿಳಿ ಶರ್ಟಿನಲ್ಲಿ ಬಂದು ಹಾರ ಹಾಕಿದ, ಅತ್ತ. ನಟನೆಯಲ್ಲ, ನಿಜವಾಗಿಯೇ ಅತ್ತ. ಹೆಂಗಸರು ಅಯ್ಯೋ ಪಾಪ ಅಂದರು. ನಾನೂ ಅಂದೆ, ಸುಳ್ಳೇಕೆ. ಆಮೇಲೆ ಅವನು ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ಸೆಲ್ವಂ ಅಣ್ಣನ ಎಡಕ್ಕೆ ಹೋಗಿ ಬಗ್ಗಿ, ತಪ್ಪಾಯ್ತಪ್ಪಾ ಅಂತ ಪಿಸುಗುಟ್ಟಿದ.

ಅವತ್ತಿನ ಏಟಿನಿಂದ ಸೆಲ್ವಂ ಅಣ್ಣನಿಗೆ ಎಡಗಿವಿ ಕೇಳುವುದಿಲ್ಲ. ಗಂಟು ಬಿಗಿದು ತಲೆ ಎತ್ತಿ ತಮಿಳಿನಲ್ಲಿ ಹೇಳಿದ:

"ಈ ಕಡೆ ಬಂದು ಹೇಳಿ ಸಾರ್. ಗಟ್ಟಿಯಾಗಿ."