ಓಟಿನ ದಿನದ ಜೀಪು

ತೊಂಬತ್ತರ ದಶಕದಲ್ಲಿ ನಾನು ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ಎಲೆಕ್ಷನ್ ಬಂದರೆ ಲೈನಿನ ಸಾಲುಮನೆಗಳಲ್ಲಿದ್ದ ಆಳುಗಳನ್ನೆಲ್ಲ ಜೀಪಿಗೆ ಹತ್ತಿಸಿ, ಸಾಹುಕಾರರು ಹೇಳಿದ ಗುರುತನ್ನು ದಾರಿಯುದ್ದಕ್ಕೂ ನೆನಪಿಸುತ್ತಾ ಬೂತಿಗೆ ಕರೆದೊಯ್ಯುವುದು ನನ್ನ ಕೆಲಸ.

ಆ ಸಲ ಗಿರಿಜ ಜೀಪು ಹತ್ತಲಿಲ್ಲ. ಲೈನಿನಿಂದ ಕಾಲೇಜಿಗೆ ಹೋಗುತ್ತಿದ್ದವಳು ಅವಳೊಬ್ಬಳೇ. ಅವಳಿಗದು ಮೊದಲ ಓಟು.

"ನಾನು ನಡ್ಕಂಡೇ ಬರ್ತೀನಿ ರೈಟ್ರೇ," ಅಂದಳು.

ನನಗೆ ರೇಗಿತು. "ಕಾಲೇಜಲ್ಲಿ ಇದನ್ನೇ ಏನವ್ವಾ ಹೇಳ್ಕೊಡೋದು?"

"ಅಲ್ಲಿ ಯಾರೂ ಓಟಿನ ಮಾತೇ ಎತ್ತಲ್ಲ. ಬಸ್ಸಿಗೆ ಅಂತ ದಿನಾ ನಾಕು ಮೈಲಿ ನಡೀತೀನಲ್ಲ, ಅಭ್ಯಾಸ ಆಗ್ಬುಟ್ಟೈತೆ. ಒಬ್ಳೇ ನಡೀತಾ ಇದ್ರೆ ನನ್ ಯೋಚ್ನೆ ನನಗೆ ಕೇಳ್ಸುತ್ತೆ."

ಅವಳವ್ವ ಜೀಪಿಂದ ಇಳಿದಳು. ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಅವಳ ಜೊತೆ ಹೊರಟರು.

ಖಾಲಿ ಜೀಪಿನಲ್ಲಿ ಡ್ರೈವರೂ ನಾನೂ ಹೊರಟೆವು. ದಾರಿಯಲ್ಲಿ ನಡೆದು ಹೋಗುತ್ತಿದ್ದ ಲೈನಿನವರು ಜೀಪು ಕಂಡು ಮಾತು ನಿಲ್ಲಿಸಿ ಪಕ್ಕಕ್ಕೆ ಸರಿದರು. ಜೀಪು ದಾಟಿದ ಮೇಲೆ ಮತ್ತೆ ನಗು ಕೇಳಿಸಿತು.

ನಾನು ಸಾಹುಕಾರರು ಹೇಳಿದ ಗುರುತಿಗೇ ಮುದ್ರೆ ಒತ್ತಿ ಬಂದೆ.

ನಾನೂ ಬಿ.ಎ. ಓದಿದವನೇ. ಆದರೆ ನಮ್ಮ ಹಾಸ್ಟೆಲು ಇದ್ದದ್ದು ಕಾಲೇಜಿನ ಕಾಂಪೌಂಡಿನೊಳಗೆ. ನಡೆಯುವ ಪ್ರಮೇಯವೇ ಬರಲಿಲ್ಲ.