ನಿಲ್ಲದ ಪಂಪು, ಒಂದೆಳೆ ನೀರು

ಪಕ್ಕದ ಮನೆಗೆ ಬಾಡಿಗೆಗೆ ಬಂದವರು ಮೊನ್ನೆ ಪ್ರೆಷರ್ ಪಂಪು ಹಾಕಿಸಿದ್ದಾರೆ. ಬೆಳಗ್ಗೆ ನಾನು ಕಾಫಿಗೆ ಹಾಲು ಇಡುವ ಹೊತ್ತಿಗೆ ಅದು ಗುಂಯ್ ಎಂದು ಶುರುವಾಗುತ್ತದೆ. ಅವರ ಸ್ನಾನ ಮುಗಿದರೆ ಸುಮ್ಮನಾಗುತ್ತದೆ. ಅದು ಸುಮ್ಮನಾಯಿತು ಎಂದು ಖಾತ್ರಿಯಾಗುವವರೆಗೆ ಕಾಫಿ ನನ್ನ ಗಂಟಲಿಗೆ ಇಳಿಯುವುದಿಲ್ಲ ಎಂದರೆ ನಗಬೇಡಿ. ನಿಲ್ಲದ ಪಂಪಿನ ಕೆಳಗೆ ಸಂಸಾರ ಮಾಡಿದವರ ಕಿವಿ ಇದು.

ಎಂಬತ್ತರ ದಶಕದ ಮಾತು. ಮದುವೆಯಾಗಿ ಮಲ್ಲೇಶ್ವರದ ಮನೆಗೆ ಬಂದು ನನಗಿನ್ನೂ ವರ್ಷ ತುಂಬಿರಲಿಲ್ಲ. ಕೆಳಗೆ ಅತ್ತೆ, ಮಾವ, ಅಡುಗೆಮನೆ, ದೇವರಮನೆ. ಮೇಲೆ ನಮ್ಮಿಬ್ಬರ ಕೋಣೆ, ಅದಕ್ಕೊಂದು ಬಚ್ಚಲು. ನೀರಿನ ಟ್ಯಾಂಕು ತಾರಸಿಯಲ್ಲಿ, ಸರಿಯಾಗಿ ನಮ್ಮ ಬಚ್ಚಲಿನ ನೆತ್ತಿಯ ಮೇಲೆ ಕೂತಿತ್ತು. ಅಷ್ಟು ಹತ್ತಿರದಿಂದ ಬರುವ ನೀರಿಗೆ ಬೀಳುವ ಉತ್ಸಾಹವಾದರೂ ಎಲ್ಲಿಂದ ಬರಬೇಕು? ಯೋಚನೆ ಮಾಡಿ ಮಾಡಿ ಇಳಿಯುತ್ತಿತ್ತು.

ಆಗ ನನ್ನ ಕೂದಲು ಸೊಂಟ ದಾಟಿತ್ತು. ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೊಂಡ ದಿನ ಸೀಗೆಪುಡಿ ಪೂರ್ತಿ ಹೋಗುತ್ತಲೇ ಇರಲಿಲ್ಲ. ಒಮ್ಮೆ ಹಜಾರದಲ್ಲಿ ಕೂತು ತಲೆ ಬಾಚಿಕೊಂಡಿದ್ದೆ. ನೆಲದ ಮೇಲೆ ಉದುರಿದ ಕಂದು ಪುಡಿ ನೋಡಿ ಮಾವ, ತೊಲೆಗೆ ಗೆದ್ದಲು ಹಿಡಿಯಿತೆಂದು ಕುರ್ಚಿ ಹತ್ತಿ ತಟ್ಟಿ ನೋಡಿದರು. ಕಾನ್ವೆಂಟ್ ಹಾಸ್ಟೆಲಿನಲ್ಲಿ ಷವರಿನ ಕೆಳಗೆ ನಿಂತು ಬೆಳೆದವಳು ನಾನು. ಪ್ರೆಷರ್ ಪಂಪು ಹಾಕಿಸಿ ಎಂದು ಅಂದೇ ಇವರ, ಅಂದರೆ ನನ್ನ ಗಂಡನ, ಬೆನ್ನು ಹತ್ತಿದೆ.

ಪಂಪು ಬಂತು. ತಾರಸಿಯಲ್ಲಿ ಟ್ಯಾಂಕಿನ ಪಕ್ಕ ಕೂತಿತು. ಮನೆಯ ಯಾವ ನಲ್ಲಿ ತಿರುಗಿಸಿದರೂ ತಾನೇ ಓಡುತ್ತದೆ, ನಿಲ್ಲಿಸಿದರೆ ತಾನೇ ನಿಲ್ಲುತ್ತದೆ ಎಂದು ಅಂಗಡಿಯವರು ಹೇಳಿದ್ದರು. ಓಡುವ ಮಾತು ನಿಜವಾಯಿತು. ಬೆಳಗ್ಗೆ ಶುರುವಾದದ್ದು ಊಟದ ಹೊತ್ತು ಕಳೆಯುವವರೆಗೂ ಓಡಿತು. ನಡುವೆ ಒಮ್ಮೊಮ್ಮೆ ಉಸಿರು ತೆಗೆದುಕೊಂಡು ಮತ್ತೆ ಹಿಡಿದುಕೊಳ್ಳುತ್ತಿತ್ತು. ಮಾವ ನಿವೃತ್ತರು. ಪೇಪರ್ ಓದುವುದನ್ನು ಆಫೀಸಿನಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದವರು. ಎರಡು ದಿನ ಸಹಿಸಿಕೊಂಡು, ಮೂರನೆಯ ದಿನ ಪೇಪರ್ ಮಡಿಸಿಟ್ಟರು.

“ನೋಡಮ್ಮ, ಇದು ಪಂಪೋ, ನಮ್ಮ ಷಡ್ಡಕನೋ? ಒಂದ್ ಗಳಿಗೆ ಬಾಯಿ ಮುಚ್ಚಲ್ವಲ್ಲ. ಭಾನುವಾರದೊಳಗೆ ನಿಲ್ಲಲಿಲ್ಲಾಂದ್ರೆ ಅಂಗಡಿಗೆ ವಾಪಸ್ ಕೊಟ್ಬಿಡೋಣ.”

ಮಾವ ಒಮ್ಮೆ ಹೇಳಿದರೆ ಆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ. ನನ್ನ ಷವರಿನ ಆಯಸ್ಸು ಭಾನುವಾರದವರೆಗೆ ಎಂದಾಯಿತು.

ಶ್ರೀರಾಂಪುರದಿಂದ ಎಲೆಕ್ಟ್ರಿಷಿಯನ್ ಬಂದ. ಅವನು ಗೇಟು ತೆರೆದದ್ದೇ ತಡ, ಪಂಪು ಗಪ್‌ಚಿಪ್. ಡಾಕ್ಟರ ಮುಂದೆ ಕೂರಿಸಿದರೆ ಮಕ್ಕಳ ಕೆಮ್ಮು ನಿಲ್ಲುತ್ತದಲ್ಲ, ಹಾಗೆ. ಇರಲಿ ಎಂದು ಸ್ವಿಚ್ಚು ಬದಲಿಸಿದ. ಅವನ ಸೈಕಲ್ಲು ಬೀದಿಯ ತಿರುವು ದಾಟುವ ಮೊದಲೇ ಗುಂಯ್. ಮತ್ತೊಮ್ಮೆ ಕರೆಸಿದರೂ ಅದೇ ಕಥೆ. ಎಲ್ಲೋ ನಲ್ಲಿ ಬಿಟ್ಟಿರಬೇಕು ನೋಡಿ ಎಂದು ಹೇಳಿ ಅವನು ಕೈ ತೊಳೆದುಕೊಂಡ.

ಮೇಲಿನ ಬಚ್ಚಲು ನೋಡಿದೆವು, ಹಿತ್ತಲು ನೋಡಿದೆವು. ಒಂದು ಹನಿಯೂ ಇಲ್ಲ. ಉಳಿದದ್ದು ಅಡುಗೆಮನೆ. ಅತ್ತೆ ಮಡಿಯಲ್ಲಿ ಅಡುಗೆ ಮಾಡುತ್ತಿದ್ದರು. ಊಟ ಮುಗಿಯುವವರೆಗೆ ಯಾರೂ ಹೊಸಿಲು ದಾಟುವಂತಿಲ್ಲ. ನಾನೂ ಅಷ್ಟೆ, ತರಕಾರಿ ಹೆಚ್ಚಿ ಹೊರಗಿನಿಂದ ಜರುಗಿಸುತ್ತಿದ್ದೆ. ಇವರು ಹೊಸಿಲಾಚೆ ನಿಂತೇ ಕೇಳಿದರು.

“ಅಮ್ಮ, ನಲ್ಲಿ ಏನಾದ್ರೂ ಬಿಟ್ಟಿದೀಯಾ?”

“ನಾನ್ಯಾಕೋ ಬಿಡ್ಲಿ? ನೀರಿನ ಬೆಲೆ ನಂಗೊತ್ತಿಲ್ವಾ?”

ಮಾತು ನಿಜವೇ. ಅಕ್ಕಿ ತೊಳೆದ ನೀರನ್ನು ಕರಿಬೇವಿನ ಗಿಡಕ್ಕೆ ಹೊತ್ತು ಹಾಕುತ್ತಿದ್ದವರು ಅವರು.

ನನಗೆ ಮಾತಿಗಿಂತ ಗಮನ ಜಾಸ್ತಿ. ಪಂಪು ಯಾವಾಗ ನಿಲ್ಲುತ್ತದೆ ಎಂದು ಕಿವಿಗೊಟ್ಟು ಕೂತೆ. ಅತ್ತೆ ದೇವಸ್ಥಾನಕ್ಕೆ ಹೋದರೆ ನಿಲ್ಲುತ್ತದೆ. ಹೊರಗಿನವರು ಬಂದರೆಂದು ಒಲೆ ಆರಿಸಿ ಹಜಾರಕ್ಕೆ ಬಂದರೆ ನಿಲ್ಲುತ್ತದೆ. ಶನಿವಾರ ಬೆಳಗ್ಗೆ ಹೊಸಿಲಿನ ಮೇಲೆ ಕತ್ತು ಚಾಚಿ ನೋಡಿದೆ. ನಲ್ಲಿಯ ಬಾಯಿಗೆ ಯಾವಾಗಲೂ ಒಂದು ಬಟ್ಟೆ ಚೂರು ಕಟ್ಟಿರುತ್ತಿತ್ತು. ಅದರ ತುದಿಯಿಂದ ಸದ್ದಿಲ್ಲದೆ, ಹೊಳೆಯುತ್ತಾ, ದಾರದಂತೆ ನೀರು ಕೆಳಗಿನ ಕೊಳಗಕ್ಕೆ ಇಳಿಯುತ್ತಿತ್ತು.

“ಅತ್ತೆ, ನಲ್ಲಿ ಬಿಟ್ಟಿದೆಯಲ್ಲ.”

“ಬಿಟ್ಟಿಲ್ಲ ಕಣೇ, ಎಳೆ ಇಟ್ಟಿದೀನಿ.”

ಉಂಡೆಗೆ ಪಾಕ ತೆಗೆಯುವಾಗ ಒಂದೆಳೆ, ಎರಡೆಳೆ ಎನ್ನುತ್ತೇವಲ್ಲ, ಅದೇ ಎಳೆ. ಬೇಯಿಸಿದ ಅನ್ನ ಮುಟ್ಟಿದರೆ ಕೈ ಮುಸುರೆ. ತೊಳೆಯುವವರೆಗೆ ಆ ಕೈಯಲ್ಲಿ ಏನನ್ನೂ ಮುಟ್ಟಬಾರದು, ನಲ್ಲಿಯನ್ನೂ. ನಲ್ಲಿ ಮುಟ್ಟದೆ ತೊಳೆಯುವುದು ಹೇಗೆ? ಅದಕ್ಕೇ ಒಂದೆಳೆ ನೀರು ಸದಾ ಹರಿಯುತ್ತಿರಬೇಕು. ಕೊಳಗ ತುಂಬಿದರೆ ಗಿಡಕ್ಕೆ. ಒಂದು ಹನಿಯೂ ವ್ಯರ್ಥವಿಲ್ಲ. ಅವರ ಭಾಷೆಯಲ್ಲಿ ಅದು ನಲ್ಲಿ ಬಿಡುವುದಲ್ಲವೇ ಅಲ್ಲ. ಪಾಪ, ಪಂಪಿಗೆ ಆ ಭಾಷೆ ಬರುತ್ತಿರಲಿಲ್ಲ.

ಒಂದು ಸಲ ನಿಲ್ಲಿಸಿ ನೋಡಿ ಎಂದೆ. ತಿರುಗಿಸಿದರು. ಮೇಲೆ ಸದ್ದಡಗಿತು. ಅತ್ತೆ ಸೂರಿನ ಕಡೆ ನೋಡಿದರು, ನಲ್ಲಿಯ ಕಡೆ ನೋಡಿದರು, ಆಮೇಲೆ ಹಜಾರದ ಕಡೆ.

“ನಿಮ್ಮ ಮಾವನ ಕಿವಿಗೆ ಹಾಕ್ಬೇಡ ಮಗು. ಬಂದೋರ ಮುಂದೆಲ್ಲ ಆಡ್ಕೋತಾರೆ.”

ಇನ್ನು ಎಳೆ ಇಡುವುದಿಲ್ಲ ಎಂದೂ ಹೇಳಿದರು. ಮಾತಿನಂತೆಯೇ ನಡೆದರು. ಆದರೆ ಆ ಮಧ್ಯಾಹ್ನ ಬಡಿಸಲು ಹೊರಟವರನ್ನು ನೋಡಿದೆ. ಅನ್ನದ ಕೈ ಗಾಳಿಯಲ್ಲಿ ನಿಂತುಬಿಟ್ಟಿತ್ತು. ಮಣಿಕಟ್ಟಿನಿಂದ ನಲ್ಲಿ ತಿರುಗಿಸಲು ನೋಡಿದರು, ಆಗಲಿಲ್ಲ. ಎಡಗೈಯಲ್ಲಿ ತುಪ್ಪದ ಗಿಂಡಿ. ಯಾರನ್ನು ಕರೆಯುವುದೆಂದು ತಿಳಿಯದೆ ಸ್ವಂತ ಅಡುಗೆಮನೆಯಲ್ಲೇ ನೆಂಟರಂತೆ ನಿಂತಿದ್ದರು. ಮುಸುರೆ ಎಂದರೆ ಒಳಗೊಳಗೇ ನಗುತ್ತಿದ್ದವಳು ನಾನು. ಆಗ ನಗು ಬರಲಿಲ್ಲ. ಅತ್ತೆಯ ಕೈ ಕಟ್ಟಿ ನಾನು ಷವರಿನ ಕೆಳಗೆ ನಿಲ್ಲುವುದೇ? ಪಂಪು ಬೇಕು, ಎಳೆಯೂ ಹೋಗಬಾರದು.

ಹೊಸಿಲಾಚೆಯಿಂದಲೇ ಚೊಂಬು ಚಾಚಿ ಅವರ ಕೈಗೆ ನೀರು ಹಾಕುತ್ತಿದ್ದಾಗ ಹಾಸ್ಟೆಲಿನ ಸಿಕ್ ರೂಮು ಕಣ್ಣಿಗೆ ಬಂತು. ಗಾಯ ತೊಳೆಯುವ ಮೊದಲು ಸಿಸ್ಟರ್ ಅಲ್ಲಿನ ನಲ್ಲಿಯನ್ನು ಕೈಯಿಂದ ಮುಟ್ಟುತ್ತಲೇ ಇರಲಿಲ್ಲ. ಅದಕ್ಕೆ ಉದ್ದನೆಯ ಹಿಡಿ. ಮೊಣಕೈಯಿಂದ ತಳ್ಳಿದರೆ ನೀರು, ಹಿಂದಕ್ಕೆ ಒತ್ತಿದರೆ ಬಂದ್. ಎಂಥ ಸೋಜಿಗ ನೋಡಿ, ಆ ತಾಯಿಯೂ ಮಡಿಯವರೇ.

ಅಂಥದೇ ನಲ್ಲಿ ತರಲೆಂದು ಸಂಜೆ ಇವರನ್ನು ಪೇಟೆಗೆ ಅಟ್ಟಿದೆ. ಅಡುಗೆಮನೆಗೆ ಆಸ್ಪತ್ರೆ ನಲ್ಲಿ ಯಾಕೆ ಎಂದರು. ಹಳೆಯದು ಸವೆದಿದೆ ಎಂದೆ. ಭಾನುವಾರ ಅಡುಗೆಗೆ ಮೊದಲೇ ಅದು ಗೋಡೆಗೆ ಏರಿತು. ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತರು. ಮೊಣಕೈಗೆ ಮುಸುರೆ ತಾಗುತ್ತದೋ ಇಲ್ಲವೋ ಎಂಬುದು ಯಾವ ಹಿರಿಯರೂ ಹೇಳದೆ ಬಿಟ್ಟ ಪ್ರಶ್ನೆ. ಕೊನೆಗೆ ಸೆರಗು ಸಿಕ್ಕಿಸಿಕೊಂಡು ತೀರ್ಪು ಕೊಟ್ಟರು.

“ಮೊಣಕೈಯಲ್ಲಿ ಯಾರಾದ್ರೂ ಅನ್ನ ಕಲಸ್ತಾರೇನೇ? ಅದು ಶುದ್ಧವೇ.”

ತಳ್ಳಿದರು, ನೀರು ಬಂತು. ಒತ್ತಿದರು, ನಿಂತಿತು. ಮೇಲೆ ಪಂಪೂ ನಿಂತಿತು. ಮತ್ತೆ ಎರಡು ಸಲ, ಅಗತ್ಯವಿಲ್ಲದಿದ್ದರೂ, ತಳ್ಳಿ ನೋಡಿದರು.

ಮಾವ ಹಿಂದಿನ ದಿನ ತಾರಸಿಗೆ ಹೋಗಿ ಊರುಗೋಲಿನಿಂದ ಪಂಪಿನ ತಲೆಗೆ ಒಂದು ಕೊಟ್ಟಿದ್ದರಂತೆ. ರಿಪೇರಿಯ ಕೀರ್ತಿ ಅದಕ್ಕೇ ಸಂದಿತು. ಬಂದವರಿಗೆಲ್ಲ ಮಾವ ಆ ಕಥೆ ಹೇಳುವಾಗ ಅತ್ತೆ ನನ್ನ ಕಡೆ ನೋಡದೆ ಕಾಫಿ ಲೋಟ ಜೋಡಿಸುತ್ತಿದ್ದರು. ತುಟಿ ಮಾತ್ರ ಬಿಗಿಯಾಗಿರುತ್ತಿತ್ತು.

ಹೋದ ವಾರ ಸಂಪಿಗೆ ರಸ್ತೆಯ ಮಾಲಿನಲ್ಲಿ ದೋಸೆ ತಿಂದು ಕೈ ತೊಳೆಯಲು ಹೋದೆ. ನಲ್ಲಿಗೆ ಹಿಡಿಯೇ ಇಲ್ಲ. ಅಭ್ಯಾಸದಂತೆ ಮೊಣಕೈ ಮುಂದೆ ಹೋಯಿತು. ಪಕ್ಕದಲ್ಲಿದ್ದ ಹುಡುಗಿ ನಕ್ಕು, “ಸುಮ್ನೆ ನಲ್ಲಿ ಕೆಳಗೆ ಕೈ ಹಿಡೀರಿ ಆಂಟಿ, ತಾನೇ ಬರುತ್ತೆ” ಎಂದಳು.

“ಕೈ ಮುಸುರೆ ಕಣಮ್ಮ,” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನೀರಂತೂ ಮೊಣಕೈಗೇ ಬಂತು.