ಟಪಾಲು ಬಾರದ ದಿನ

“ಅಮ್ಮಾ, ವಿಧಿಯತ್ತೆಗೆ ಇವತ್ತು ಕೆಲ್ಸ ಇಲ್ಲ ಅಂದ್ಯಲ್ಲ, ಮತ್ತೆ ಊಟದ ಡಬ್ಬಿ ಯಾಕೆ ತಗೊಂಡು ಹೋದ್ರು?”

ಕಿಟಕಿಯ ಸರಳುಗಳ ನಡುವೆ ಮೂಗು ತೂರಿಸಿಕೊಂಡು ಪುಟ್ಟಿ ಕೇಳಿದ ಈ ಪ್ರಶ್ನೆಗೆ ಅವಳ ಅಮ್ಮನ ಹತ್ತಿರ ಉತ್ತರವೇನೋ ಇತ್ತು. ಆದರೆ ಅದು ನಾಲ್ಕು ವರ್ಷದ ಮಗುವಿಗೆ ಹೇಳುವಂಥದ್ದಾಗಿರಲಿಲ್ಲ.

“ಆಫೀಸಿನೋರು ಬರಕ್ಕೆ ಹೇಳಿದಾರೆ.”

“ಕೆಲ್ಸ ಇಲ್ಲ ಅಂದ್ರೂ ಕರೀತಾರಾ?”

“ಕರೀತಾರೆ.”

“ಹಾಗಾದ್ರೆ ಕೆಲ್ಸ ಇದೆ.”

“ಇದೆ. ಪರಂತು ಇಲ್ಲ. ಹೋಗು, ಹಲ್ಲುಜ್ಜು.”

‘ಪರಂತು’ ಆ ಮನೆಗೆ ಮಹಡಿಯಿಂದ ಇಳಿದು ಬಂದ ಮಾತು. ಮೇಲಿನ ಒಂಟಿಕೋಣೆಯಲ್ಲಿ ಬಾಡಿಗೆಗಿದ್ದ ವಿಧಿಯಕ್ಕ ಸಂವಿಧಾನವನ್ನು ಗಟ್ಟಿಯಾಗಿ ಓದುವಾಗ ಪ್ರತಿ ಎರಡನೇ ಉಸಿರಿಗೊಮ್ಮೆ ಬರುತ್ತಿದ್ದ ಮಾತು ಅದು. ಮೇಲಿನ ಸಾಲಿನಲ್ಲಿ ಒಂದು ಹಕ್ಕು ಕೊಡುವುದು, ಕೆಳಗಿನ ಸಾಲಿನಲ್ಲಿ ‘ಪರಂತು’ ಎಂದು ಶುರುಮಾಡಿ ಅದರಲ್ಲಿ ಅರ್ಧ ವಾಪಸು ಇಸಿದುಕೊಳ್ಳುವುದು. ಪುಟ್ಟಿಗೆ ಅದರ ಉಪಯೋಗ ಬಹಳ ಬೇಗ ಅರ್ಥವಾಗಿತ್ತು. “ಹಾಲು ಕುಡೀತೀನಿ, ಪರಂತು ಕೆನೆ ತೆಗಿ” ಎನ್ನುತ್ತಿದ್ದಳು. ಕೆನೆ ತೆಗೆಯುತ್ತ ಅವಳ ಅಪ್ಪ, “ನಮ್ಮನೇಲಿ ಇನ್ನೊಬ್ಬಳು ವಕೀಲೆ ತಯಾರಾದಳು” ಎಂದು ನಗುತ್ತಿದ್ದ.

ವಿಧಿಯಕ್ಕ ಎಂಬ ಹೆಸರನ್ನು ಇಟ್ಟವನೂ ಅವನೇ. ನಲ್ಲಿಯಲ್ಲಿ ನೀರು ಬರಲಿಲ್ಲವೆಂದರೂ, ಮನೆ ಮಾಲೀಕ ರಸೀದಿ ಕೊಡಲಿಲ್ಲವೆಂದರೂ ಆಕೆಯ ಬಾಯಿಗೆ ಮೊದಲು ಬರುತ್ತಿದ್ದದ್ದು ಒಂದು ವಿಧಿಯ ಸಂಖ್ಯೆ. “ಬೇರೆಯವರ ವಿಧಿ ಹಣೇಲಿ ಬರ್ದಿರತ್ತೆ. ನಿಮ್ದು ಪುಸ್ತಕದಲ್ಲಿ ಬರ್ದಿದೆ ಅಕ್ಕಾ” ಎಂದು ಅವನು ಒಮ್ಮೆ ಕೆಣಕಿದ್ದ. ಆಕೆ ಸಿಟ್ಟಾಗಲಿಲ್ಲ. “ಪುಸ್ತಕದಲ್ಲಿರೋದೇ ವಾಸಿ ಕಣಪ್ಪಾ, ತಿದ್ದುಪಡಿ ಮಾಡಬಹುದು” ಎಂದಳು.

ಆ ಪುಸ್ತಕವೋ, ತಿದ್ದುಪಡಿಗಳಿಂದಲೇ ಬಸುರಿಯಂತೆ ಊದಿಕೊಂಡಿತ್ತು. ಹೊಸ ಆವೃತ್ತಿ ಕೊಳ್ಳುವ ಬದಲು ಆಕೆ ಪ್ರತಿ ತಿದ್ದುಪಡಿಯನ್ನೂ ಚೀಟಿಯಲ್ಲಿ ಬರೆದು, ಹಳೆಯ ಸಾಲಿನ ಮೇಲೆ ಅಂಟಿಸುತ್ತ ಬಂದಿದ್ದಳು. ಕೆಲವು ಪುಟಗಳಲ್ಲಿ ಚೀಟಿಯ ಮೇಲೆ ಚೀಟಿ. ಮುಚ್ಚಿದರೆ ಮುಚ್ಚಿಕೊಳ್ಳದ ಅದನ್ನು ಕಡತ ಕಟ್ಟುವ ದಾರದಿಂದ ಬಿಗಿದು, ದಿನಾ ಬೆಳಿಗ್ಗೆ ಆರೂವರೆಗೆ ಕೆಳಗಿನ ಅಡುಗೆಮನೆಗೆ ತರುತ್ತಿದ್ದಳು. ಪುಟ್ಟಿಯ ಅಮ್ಮ ಪುಸ್ತಕವನ್ನು ಉಪ್ಪಿನ ಡಬ್ಬಕ್ಕೆ ಒರಗಿಸಿ, ಹುರುಳಿಕಾಯಿ ಹೆಚ್ಚುತ್ತ ಆಕೆಯ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. ವಿಧಿಯಕ್ಕ ಗೋಡೆಯತ್ತ ಮುಖಮಾಡಿ, ಕೈಕಟ್ಟಿ, ಶಾಲೆಯ ಹುಡುಗಿಯಂತೆ ಒಪ್ಪಿಸುವಳು.

“‘ಅಥವಾ’ ಬಿಟ್ರಿ ಅಕ್ಕಾ.”

“ಎಲ್ಲಿ?”

“‘ಹುದ್ದೆ’ ಆದ್ಮೇಲೆ. ‘ಹುದ್ದೆ ಅಥವಾ ನೇಮಕ’.”

“ಛೆ! ಆ ‘ಅಥವಾ’ದಲ್ಲೇ ನನ್ನ ಪ್ರಾಣ ಇರೋದು, ಅದನ್ನೇ ನುಂಗ್ದೆ ನೋಡು.”

ಹಾಸ್ಯಕ್ಕೆ ಹೇಳಿದರೂ ಮಾತು ನಿಜವಾಗಿತ್ತು: ಆಕೆಗಿದ್ದದ್ದು ನೇಮಕ ಮಾತ್ರ, ಹುದ್ದೆಯಲ್ಲ. ಒಂದು ದೊಡ್ಡ ಸರ್ಕಾರಿ ಕಟ್ಟಡದ ನೆಲಮಾಳಿಗೆಯಲ್ಲಿ ವಿಧಿಯಕ್ಕನದು ಆವಕ-ಜಾವಕದ ಕೆಲಸ. ಬಂದ ಪ್ರತಿ ಕಾಗದಕ್ಕೂ ತಾರೀಖಿನ ಮೊಹರು ಒತ್ತಿ ಆವಕ ರಿಜಿಸ್ಟರಿನಲ್ಲಿ ಬರೆಯಬೇಕು. ಹೋಗುವ ಪ್ರತಿ ಕಾಗದಕ್ಕೂ ಜಾವಕ ಸಂಖ್ಯೆ ಹಾಕಬೇಕು. ಇಪ್ಪತ್ತೆಂಟನೇ ವಯಸ್ಸಿಗೆ ‘ಸದ್ಯಕ್ಕೆ ತಾತ್ಕಾಲಿಕ’ ಎಂದು ಸೇರಿಕೊಂಡವಳು. ಆ ‘ಸದ್ಯ’ಕ್ಕೆ ಈಗ ಹನ್ನೊಂದು ವರ್ಷ. ಒಮ್ಮೆ ಬಂದ ಗಂಡಿನ ಕಡೆಯವರು ಕಾಫಿ ಕುಡಿದು, “ಕಾಯಂ ಆದ್ಮೇಲೆ ನೋಡೋಣ” ಎಂದು ಎದ್ದು ಹೋಗಿದ್ದರು. ಹುಡುಗಿಯ ಬಗ್ಗೆ ಹಾಗೆ ಹೇಳುವುದನ್ನು ಅವತ್ತೇ ಮೊದಲು ಕೇಳಿದ್ದು ಎಂದು ಆಕೆ ಹೇಳಿಕೊಂಡು ನಗುತ್ತಿದ್ದಳು. ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ.

ಇನ್ನು ಆ ಒಂದು ದಿನದ ವಿಷಯ. ಗುತ್ತಿಗೆಯವರು ಇಡೀ ವರ್ಷ ಒಂದೇ ಸಮನೆ ದುಡಿದರೆ ನಾಳೆ ಹಕ್ಕು ಕೇಳಿಯಾರು ಎಂಬ ಮುಂಜಾಗ್ರತೆಗೆ ಆ ಕಚೇರಿ ಪ್ರತಿ ವರ್ಷ ಅದೇ ತಾರೀಖಿಗೆ ಅವರನ್ನು ತೆಗೆದುಹಾಕಿ, ಮರುದಿನ ಹೊಸದಾಗಿ ಸೇರಿಸಿಕೊಳ್ಳುತ್ತಿತ್ತು. ಹಾಜರಿ ಪುಸ್ತಕದಲ್ಲಿ ಆ ಚೌಕಕ್ಕೆ ಕೆಂಪು ಗೆರೆ. ಕಾಗದಗಳಿಗೆ ಮಾತ್ರ ಈ ಏರ್ಪಾಡು ಗೊತ್ತಿರಲಿಲ್ಲ. ಅವು ಅವತ್ತೂ ಚೀಲಗಟ್ಟಲೆ ಬಂದು ಬೀಳುತ್ತಿದ್ದವು. ಸೂಪರಿಂಟೆಂಡೆಂಟರು ಹಿಂದಿನ ದಿನವೇ ಮೆತ್ತಗೆ ಹೇಳುವರು: “ನಾಳೆ ಸುಮ್ನೆ ಹಾಗೇ ಬಂದು ಹೋಗಮ್ಮಾ. ಸಹಿ ಗಿಹಿ ಬೇಡ.” ವಿಧಿಯಕ್ಕ ಡಬ್ಬಿ ಕಟ್ಟಿಕೊಂಡು ‘ಸುಮ್ನೆ ಹಾಗೇ’ ಹೋಗಿ, ಸಂಜೆಯವರೆಗೆ ಇದ್ದು, ಅಷ್ಟೂ ಕಾಗದಕ್ಕೆ ಮರುದಿನದ ಮೊಹರು ಒತ್ತಿ ಬರುವಳು.

“ನಮ್ಮ ಆಫೀಸಿನಲ್ಲಿ ವರ್ಷಕ್ಕೊಂದು ದಿನ ಒಂದೇ ಒಂದು ಕಾಗದ ಬರಲ್ಲ ಕಣೇ, ರಿಜಿಸ್ಟರ್ ತೆಗೆದು ನೋಡು” ಎಂದು ಪುಟ್ಟಿಯ ಅಮ್ಮನಿಗೆ ಹೇಳುವಳು. “ದೇಶದಲ್ಲಿ ಅವತ್ತು ಯಾರಿಗೂ ಯಾವ ಕಷ್ಟವೂ ಇರಲ್ಲ. ಹಾಕ್ಕೋ ನಿನ್ನ ಗೆಜೆಟ್‌ನಲ್ಲಿ.”

ಗೆಜೆಟ್ ಎಂದರೆ ಪುಟ್ಟಿಯ ಅಮ್ಮನ ಡೈರಿ. ಇವಳು ಸಂಜೆಯ ಪಾಳಿಯಲ್ಲಿ ಕೆಲಸ ಮಾಡುತ್ತಿದ್ದ ಔಷಧಿ ಅಂಗಡಿಗೆ ಕಂಪನಿಯವರು ವರ್ಷಕ್ಕೊಂದು ಡೈರಿ ತಂದುಕೊಡುತ್ತಿದ್ದರು. ಅದರಲ್ಲಿ ಒಂದು ದಿನವೂ ತಪ್ಪದೆ ಬರೆಯುವುದು ಇವಳ ಅಭ್ಯಾಸ. ಪುಟ್ಟಿಗೆ ಎಷ್ಟು ಜ್ವರ, ಯಾವ ಹಲ್ಲು ಬಂತು, ಗ್ಯಾಸ್ ಯಾವಾಗ ಬದಲಾಯಿಸಿದ್ದು, ಅತ್ತೆ ಫೋನಿನಲ್ಲಿ ಏನು ಚುಚ್ಚಿದರು, ಎಲ್ಲವೂ. ತಮಾಷೆಯ ಸಾಲುಗಳಿದ್ದರೆ ವಿಧಿಯಕ್ಕನಿಗೆ ಓದಿಯೂ ಹೇಳುವಳು. ಉಳಿದದ್ದನ್ನು ಹೇಳುತ್ತಿರಲಿಲ್ಲ. ಅಂದು ಪುಟ್ಟಿ ಡಬ್ಬಿಯ ಬಗ್ಗೆ ಕೇಳಿದ ಪ್ರಶ್ನೆಯನ್ನೂ ಬರೆದು ಓದಿ ಹೇಳಿದಾಗ ವಿಧಿಯಕ್ಕ ನಕ್ಕು ನಕ್ಕು ಕೆಮ್ಮಿದಳು. “ನಿನ್ನ ಮಗಳನ್ನ ನಮ್ಮ ಸೂಪರಿಂಟೆಂಡೆಂಟ್ ಮಾಡಬೇಕು” ಎಂದಳು.

ಸಂಜೆ ಐದೂವರೆಗೆ ಆಕೆ ಬಸ್ಸಿಳಿದು ಬಂದರೆ ಇವಳು ಪುಟ್ಟಿಯನ್ನು ಆಕೆಯ ಮಡಿಲಿಗೆ ಹಾಕಿ ಅಂಗಡಿಗೆ ಓಡುವಳು. ಒಂದೂವರೆ ವರ್ಷದ ಮಗುವಾಗಿದ್ದಾಗಿನಿಂದ ನಡೆದುಬಂದ ಏರ್ಪಾಡು ಅದು. ಪುಟ್ಟಿ ನಡೆಯಲು, ನುಡಿಯಲು, ಅಕ್ಷರ ತಿದ್ದಲು ಕಲಿತದ್ದೆಲ್ಲ ಮೂಲಭೂತ ಹಕ್ಕುಗಳ ನಡುವೆಯೇ.

ವಿಧಿಯಕ್ಕ ಇಷ್ಟೆಲ್ಲ ಓದುತ್ತಿದ್ದದ್ದು ಸರ್ಕಾರಿ ಅಧಿಕಾರಿಗಳ ಆಯ್ಕೆಯ ಪರೀಕ್ಷೆಗೆ; ಅದಕ್ಕೆ ವಯೋಮಿತಿ ಮೂವತ್ತೈದು. ಸರ್ಕಾರದ ಕೆಲಸದಲ್ಲಿ ಐದು ವರ್ಷ ಸತತ ಸೇವೆ ಮಾಡಿದವರಿಗೆ ಮಾತ್ರ ನಲವತ್ತು. ವಿಧಿಯಕ್ಕ ಮೂವತ್ತೈದು ದಾಟಿದ ಮೇಲೂ ಅರ್ಜಿಯಲ್ಲಿ ‘ಸತತ ಸೇವೆ’ ಎಂಬ ಚೌಕಕ್ಕೆ ಗುರುತು ಹಾಕಿ ಮೂರು ಸಲ ಬರೆದಿದ್ದಳು. ಮೂರು ಸಲವೂ ಹೋಯಿತು. ಬರವಣಿಗೆಯಲ್ಲಿ ಪಾಸಾಗದವರ ಸರ್ಟಿಫಿಕೇಟನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಹಾಗಾಗಿ ಆ ಚೌಕದೊಳಗೆ ಏನು ಕಾದು ಕುಳಿತಿದೆಯೆಂದು ಆಕೆಗೆ ಗೊತ್ತಾಗಲಿಲ್ಲ. ಅಥವಾ ಗೊತ್ತಾಗಬಾರದೆಂದು ಆಕೆಯೇ ನೋಡಿಕೊಂಡಳೋ ಏನೋ.

ಈ ಸಲದ್ದು ಕೊನೆಯದು; ಮುಂದಿನ ಪರೀಕ್ಷೆಯ ಹೊತ್ತಿಗೆ ನಲವತ್ತು ದಾಟುತ್ತದೆ. ಈ ಸಲವೇ ಪಾಸಾದಳು. ಸಂವಿಧಾನದ ಪತ್ರಿಕೆಯಲ್ಲಿ ನೂರೈವತ್ತಕ್ಕೆ ನೂರ ಮೂವತ್ತೆಂಟು. ಫಲಿತಾಂಶ ಬಂದ ಬೆಳಿಗ್ಗೆ ಆಕೆ ಮೆಟ್ಟಿಲಿಳಿದು ಬಂದು, ಒಲೆಯ ಪಕ್ಕ ನಿಂತು, ಹೆಚ್ಚಿಟ್ಟ ತರಕಾರಿಯ ತಟ್ಟೆಯನ್ನು ಒಮ್ಮೆ ಎತ್ತಿ ಒಮ್ಮೆ ಇಟ್ಟಳು. ಪುಟ್ಟಿಯ ಅಮ್ಮ ಒದ್ದೆ ಕೈಯಲ್ಲೇ ತಬ್ಬಿಕೊಂಡಳು. “ಅತ್ತೆ ಪಾಸು, ಪರಂತು ಅಮ್ಮ ಅಳ್ತಿದಾಳೆ” ಎಂದು ಪುಟ್ಟಿ ಕಿಟಕಿಯಲ್ಲಿ ನಿಂತು ಬೀದಿಗೆಲ್ಲ ಸಾರಿದಳು.

ಮುಂದಿನದು ಪ್ರಮಾಣಪತ್ರಗಳ ಪರಿಶೀಲನೆ. ಸೇವಾ ಪ್ರಮಾಣಪತ್ರ ಕೊಡಬೇಕಾದವರು ಅದೇ ಸೂಪರಿಂಟೆಂಡೆಂಟರು. ಅವರು ಕೆಟ್ಟವರಲ್ಲ, ಸ್ವೀಟ್ ತರಿಸಿ ಹಂಚಿದರು, “ನಮ್ಮ ನೆಲಮಾಳಿಗೆಯ ಹೆಸರು ಮೇಲೆ ತಂದೆ” ಎಂದರು. ಮಧ್ಯಾಹ್ನದ ಹೊತ್ತಿಗೆ ಕಡತ ತೆಗೆದು, ಹನ್ನೊಂದು ವರ್ಷದ ಹಾಜರಿ ನೋಡಿ, ಕಂಡದ್ದನ್ನು ಕಂಡಂತೆ ಬರೆದರು: ‘ಪ್ರತಿ ವರ್ಷ ಒಂದು ದಿನ ವಿರಾಮವಿದ್ದು, ಸೇವೆ ಸತತವಾಗಿರುವುದಿಲ್ಲ.’

“ಸಾರ್, ಆ ದಿನಾನೂ ನಾನು ಬಂದಿದೀನಿ. ನೀವೇ ಕರೆಸಿದ್ರಿ.”

“ನಾನು ಇಲ್ಲ ಅಂದ್ನಾ? ಬಂದಿದೀಯ. ಆದ್ರೆ ನೀನೇ ಹೇಳಮ್ಮಾ, ಹಾಜರೀಲಿ ಗೆರೆ, ಆವಕದಲ್ಲಿ ಒಂದು ಕಾಗದ ಇಲ್ಲ. ಯಾವ ಆಧಾರದ ಮೇಲೆ ಬರೀಲಿ? ನನಗಿನ್ನು ಎರಡು ವರ್ಷ ಸರ್ವೀಸ್ ಇದೆ.”

ಆವಕದಲ್ಲಿ ಕಾಗದ ಇಲ್ಲದಂತೆ ಮಾಡಿದ್ದು ಆಕೆಯದೇ ಕೈ, ಆಕೆಯದೇ ಮೊಹರು. ಸಾಲದ್ದಕ್ಕೆ ಆ ಪ್ರಮಾಣಪತ್ರ ಕಚೇರಿಯಿಂದ ಹೊರಬೀಳಬೇಕಾದರೆ ಅದಕ್ಕೊಂದು ಜಾವಕ ಸಂಖ್ಯೆ ಬೇಕು. ಅದನ್ನೂ ಆಕೆಯೇ ಹಾಕಿದಳು, ಅಂದವಾದ ಅಕ್ಷರದಲ್ಲಿ.

ಪರಿಶೀಲನೆಯ ಕೌಂಟರಿನವನು ವಯಸ್ಸಿನಲ್ಲಿ ಆಕೆಗಿಂತ ಹತ್ತು ವರ್ಷ ಚಿಕ್ಕವನು. ಕಾಗದದ ಮೇಲೆ ಬೆರಳು ಇಟ್ಟು, “ಸತತ ಇಲ್ವಲ್ಲ ಮೇಡಂ” ಎಂದ. ವಿಧಿಯಕ್ಕನಿಗೆ ಅಲ್ಲಿ ಏನಾಯಿತೋ, ಕೈಕಟ್ಟಿ ಒಪ್ಪಿಸಲು ಶುರುಮಾಡಿದಳು. ಹುದ್ದೆ ಅಥವಾ ನೇಮಕದ ವಿಷಯದಲ್ಲಿ ಎಲ್ಲರಿಗೂ ಸಮಾನ ಅವಕಾಶವೆಂಬ ವಿಧಿ, ಮೊದಲಿನಿಂದ ಕೊನೆಯವರೆಗೆ, ‘ಅಥವಾ’ ಬಿಡದೆ. ಹಿಂದಿನ ಸಾಲಿನವರು ಕತ್ತು ಚಾಚಿ ನೋಡಿದರು. ಅವನು ಪೂರ್ತಿ ಕೇಳಿಸಿಕೊಂಡ, ಮರ್ಯಾದಸ್ಥ.

“ಅದು ಎರಡನೇ ಪತ್ರಿಕೆ ಸಿಲೆಬಸ್ ಮೇಡಂ. ಇದು ನಾಲ್ಕನೇ ಕೌಂಟರ್” ಎಂದ.

ಇದನ್ನೆಲ್ಲ ವಿಧಿಯಕ್ಕ ಹೇಳಿದ್ದು ಮರುದಿನ ಬೆಳಿಗ್ಗೆ, ಅದೇ ಆರೂವರೆಗೆ, ಅದೇ ಅಡುಗೆಮನೆಯಲ್ಲಿ. ಪುಸ್ತಕ ತಂದಿರಲಿಲ್ಲ. ಖಾಲಿ ಕೈಯನ್ನು ಏನು ಮಾಡುವುದೆಂದು ತೋಚದೆ ಉಪ್ಪಿನ ಡಬ್ಬದ ಮುಚ್ಚಳ ತೆಗೆದು ಹಾಕುತ್ತ ಹೇಳಿದಳು. ಪುಟ್ಟಿಯ ಅಮ್ಮ ಚಾಕು ಕೆಳಗಿಟ್ಟು ಕೇಳಿದಳು. ಬಾಯಿಗೆ ಬಂದ ಸಮಾಧಾನದ ಮಾತುಗಳೆಲ್ಲ ಔಷಧಿ ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಮಾತಿನಂತಿದ್ದವು: ಈ ಮಾತ್ರೆ ಇಲ್ಲ, ಬೇರೆ ಕೊಡಲಾ?

“ಮೇಲ್ಮನವಿ ಹಾಕಬಹುದಂತೆ, ಹದಿನೈದು ದಿನದೊಳಗೆ” ಎಂದಳು ವಿಧಿಯಕ್ಕ. “ಆ ದಿನಗಳಲ್ಲಿ ನಾನು ಕೆಲಸಕ್ಕೆ ಹೋಗಿದ್ದೆ ಅನ್ನೋದಕ್ಕೆ ಬರವಣಿಗೆಯ ಆಧಾರ ಬೇಕು. ಈಗ ಬರೆದುಕೊಟ್ಟದ್ದು ಆಗಲ್ಲ. ಆಗ್ಲೇ ಬರೆದದ್ದಿರಬೇಕು.”

ಪುಟ್ಟಿಯ ಅಮ್ಮನಿಗೆ ಮಾತು ಎಲ್ಲಿಗೆ ಹೊರಟಿದೆಯೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು.

“ನಿನ್ನ ಗೆಜೆಟ್‌ನಲ್ಲಿ ಇದೆ ಅಲ್ವೇನೇ? ಈ ವರ್ಷ ಪುಟ್ಟಿ ಡಬ್ಬಿ ಕೇಳಿದ್ದು. ಹೋದ ವರ್ಷ ನಾನು ಕೊಡೆ ಮರೆತು ಹೋದದ್ದು. ಅದಕ್ಕೂ ಮುಂಚಿನದ್ದೂ ಬರೆದಿರ್ತೀಯ. ನೀನು ಬಿಡೋಳಲ್ಲ.”

ಇತ್ತು. ಐದು ಡೈರಿ, ಐದು ದಿನ. ಈ ವರ್ಷದ್ದು ಬಿಟ್ಟು ಉಳಿದವು ಟ್ರಂಕಿನಲ್ಲಿ ಪುಟ್ಟಿಯ ಹಳೆಯ ಅಂಗಿಗಳ ಕೆಳಗೆ ಒಂದರ ಮೇಲೊಂದು ಇದ್ದವು. ಅಂಗಡಿ ಡೈರಿಯನ್ನು ಯಾವ ಅಧಿಕಾರಿ ಲೆಕ್ಕಕ್ಕೆ ತೆಗೆದುಕೊಂಡಾನು ಎಂಬ ಅನುಮಾನ ಇವಳಿಗೆ ಬಂದೇ ಬಂತು. ಅದರ ಹಿಂದೆಯೇ ಮೂರನೇ ಡೈರಿ ಕಣ್ಣಮುಂದೆ ತೆರೆದುಕೊಂಡಿತು. ಪುಟ್ಟಿಗೆ ಎರಡು ದಾಟಿದ ವರ್ಷ. ಅದೇ ತಾರೀಖು, ನೀಲಿ ಶಾಯಿ. ‘ಇವತ್ತು ವಿಧಿಯಕ್ಕನ ರಜೆ, ಆದರೂ ಒಂಬತ್ತಕ್ಕೇ ಹೋದರು’ ಎಂದು ಮೊದಲ ಸಾಲು. ಅದರ ಕೆಳಗೆ: ‘ಮುಂದಿನ ತಿಂಗಳು ಪರೀಕ್ಷೆಯಂತೆ. ಪಾಸಾಗದಿದ್ದರೆ ಸಾಕಪ್ಪ. ಅವರು ಹೋಗಿಬಿಟ್ಟರೆ ಸಂಜೆ ಪುಟ್ಟಿಯನ್ನು ಯಾರು ನೋಡುತ್ತಾರೆ? ನಾನು ಅಂಗಡಿ ಬಿಡಬೇಕಾಗುತ್ತದೆ. ಇನ್ನೆರಡು ವರ್ಷ ಹೀಗೇ ಇದ್ದುಬಿಡಲಿ.’

ಆ ಸಲ ವಿಧಿಯಕ್ಕ ಪಾಸಾಗಿರಲಿಲ್ಲ. ಆಮೇಲೆ ಸರಿಯಾಗಿ ಎರಡು ವರ್ಷ ಹಾಗೇ ಇದ್ದಳು.

“ನಾನೇ ನೋಡಿ ಬರೆದುಕೊಡ್ತೀನಿ ಅಕ್ಕಾ, ಆ ಐದು ದಿನದ್ದು” ಎಂದಳು ಪುಟ್ಟಿಯ ಅಮ್ಮ. “ಇಲ್ಲಾಂದ್ರೆ ಆ ಹಾಳೆಗಳನ್ನ ಬಿಡಿಸಿ ಕೊಡ್ತೀನಿ.”

“ಬೇಡ ಬೇಡ.” ವಿಧಿಯಕ್ಕ ಥಟ್ಟನೆ ಕೈ ಅಡ್ಡ ಮಾಡಿದಳು. ನಿನ್ನೆಯಿಂದ ಸತ್ತಂತಿದ್ದ ಮುಖದಲ್ಲಿ ಮೊದಲ ಸಲ ಹಳೆಯ ಚುರುಕು ಕಂಡಿತು, ವಿಧಿ ಒಪ್ಪಿಸುವಾಗಿನ ಚುರುಕು. “ಹರಿದ ಹಾಳೆಗೆ ಬೆಲೆ ಇಲ್ಲ. ಐದೂ ಪುಸ್ತಕ ಇಡಿಯಾಗಿ ಬೇಕು. ನಾನೇ ಕೂತು ಓದಿ, ಎಲ್ಲೆಲ್ಲಿ ನನ್ನ ಹೆಸರಿದೆ ಅಲ್ಲೆಲ್ಲ ಚೀಟಿ ಅಂಟಿಸ್ತೀನಿ. ಒಂದು ಹಾಳೆಯೂ ತಪ್ಪಬಾರದು ಕಣೇ. ನಡುವೆ ಒಂದು ದಿನ ಇಲ್ಲ ಅಂದ್ರೆ ಇದನ್ನೂ ಸತತ ಅಲ್ಲ ಅಂದ್ಬಿಡ್ತಾರೆ. ಇವತ್ತು ಸಂಜೆ ಪುಟ್ಟಿಯನ್ನ ಬಿಡೋವಾಗ ತಂದುಕೊಡ್ತೀಯಾ?”